ಹುಲ್ಲುಗುಡ್ಡೆಗೆ ಬಸ್ಸು ತಂದವಳು

ಹುಲ್ಲುಗುಡ್ಡೆಗೆ ಬಸ್ಸು ತಂದವರು ಯಾರು ಅಂತ ಈಗ ಕೇಳಿದ್ರೆ ಹತ್ತು ಜನ ಹತ್ತು ಹೆಸರು ಹೇಳ್ತಾರೆ. ಅದರಲ್ಲಿ ನನ್ನ ಹೆಸರೂ ಇರ್ತದೆ. ಹೂವಪ್ಪನೋರು ಪಂಚಾಯ್ತಿ ಮೆಂಬರಾಗಿದ್ದಾಗ ಆದದ್ದು, ಅವರೇ ಓಡಾಡಿ ಮಾಡಿಸಿದ್ದು ಅಂತ. ಸುಳ್ಳು ಮಾರಾಯ್ರೆ, ಶುದ್ಧ ಸುಳ್ಳು. ನಾನು ಬಸ್ಸು ತಂದವನಲ್ಲ, ಬರ್ತಾ ಇದ್ದ ಬಸ್ಸನ್ನು ಇನ್ನೇನು ವಾಪಸು ಕಳಿಸಿಯೇ ಬಿಟ್ಟಿದ್ದವನು. ತಂದವಳು ಮಜೀದಾ. ಇದನ್ನ ಎಷ್ಟು ಸಲ ಹೇಳಿದ್ರೂ ಜನಕ್ಕೆ ತಲೆಗೆ ಹೋಗೋದಿಲ್ಲ, ಅದಕ್ಕೇ ಇನ್ನೊಂದು ಸಲ ಹೇಳ್ತೀನಿ.

ಇಸವಿ ಎಪ್ಪತ್ತೊಂಬತ್ತು. ಅದಕ್ಕೂ ಒಂಬತ್ತು ವರ್ಷ ಮೊದಲು ಕೊಪ್ಪ ಪೇಟೆಯಲ್ಲಿ ಜಾಗ ಸಾಲದೆ, ಮನೆಯಿಲ್ಲದವರಿಗೆ ಅಂತ ಗುಡ್ಡದ ಮೇಲೆ ಎಪ್ಪತ್ತು ಸೈಟು ಕೊಟ್ಟಿದ್ರು. ಅದೇ ಹುಲ್ಲುಗುಡ್ಡೆ ಬಡಾವಣೆ. ಮಂಡಿಯಲ್ಲಿ ಅಡಿಕೆ ಮೂಟೆ ಹೊಲಿಯೋರು, ಗಾರೆ ಕೆಲಸದೋರು, ದರ್ಜಿಗಳು, ನನ್ನ ಹಾಗೆ ಅಂಗೈಯಗಲ ಗದ್ದೆ ಇದ್ದೋರು, ಎಲ್ಲ ಅಲ್ಲೇ. ಶರೀಫನ ಮನೆ ಗೋಡೆಗೂ ನಮ್ಮನೆ ಗೋಡೆಗೂ ನಡುವೆ ಒಂದು ನುಗ್ಗೆಮರ, ಅಷ್ಟೇ. ಮನೆ ಆಯ್ತು, ಕರೆಂಟು ಕಂಬ ಬಂತು, ರಸ್ತೆಗೆ ಜಲ್ಲಿಯೂ ಬಿತ್ತು. ಪೇಟೆಗೆ ಮಾತ್ರ ಮೂರೂವರೆ ಮೈಲಿ. ನಡುವೆ ಬರೀ ಕಾಡು, ಒಂದು ಹಳ್ಳ, ಹಳ್ಳಕ್ಕೊಂದು ಸೇತುವೆ. ಒಂದೇ ಒಂದು ಮನೆ ಇಲ್ಲ.

ಮಜೀದಾ ಶರೀಫನ ಹೆಂಡತಿ. ಪೇಟೆಯ ದರ್ಜಿ ಅಂಗಡಿಗಳಿಂದ ಹೊಲಿದ ಅಂಗಿಗಳನ್ನ ತಂದು, ಕಾಜಾ ಮಾಡಿ, ಗುಂಡಿ ಹಚ್ಚಿ ವಾಪಸು ಕೊಡೋದು ಅವಳ ಕೆಲಸ. ದಿನಾ ಬೆಳಿಗ್ಗೆ ಆರಕ್ಕೆ ತಲೆ ಮೇಲೆ ಗಂಟು ಹೊತ್ತು ಇಳಿಯೋಳು, ಹತ್ತಕ್ಕೆ ಇನ್ನೊಂದು ಗಂಟು ಹೊತ್ತು ಏರೋಳು. ಅವಳ ಮಗಳು ಬಿಲ್ಕಿಸ್. ನಮ್ಮ ಬಡಾವಣೆ ಶಾಲೆ ಏಳನೇ ಕ್ಲಾಸಿಗೇ ಮುಗೀತದೆ. ಕೂಸು ಏಳರಲ್ಲಿ ಶಾಲೆಗೇ ಮೊದಲು ಬಂದಿತ್ತು. ಮುಂದೆ ಓದ್ಬೇಕು ಅಂದ್ರೆ ಪೇಟೆ ಹೈಸ್ಕೂಲು. ಆ ಕಾಡುದಾರಿಯಲ್ಲಿ ಹೆಣ್ಣುಮಗಳನ್ನ ಒಬ್ಬಳೇ ಕಳಿಸೋದಿಲ್ಲ ಅಂತ ಶರೀಫ ಕಡ್ಡಿ ಮುರಿದ ಹಾಗೆ ಹೇಳಿದ. ಅವನು ಏಳಕ್ಕೇ ಸೈಕಲ್ ಹತ್ತಿ ಮಂಡಿಗೆ ಹೋದ್ರೆ ಬರೋದು ದೀಪ ಹಚ್ಚುವ ಹೊತ್ತಿಗೆ, ಮಜೀದಾ ಶಾಲೆ ಶುರುವಾಗೋ ಹೊತ್ತಿಗೇ ವಾಪಸು. ಅವನನ್ನ ಬಯ್ಯೋ ಯೋಗ್ಯತೆ ನಮಗ್ಯಾರಿಗೂ ಇರಲಿಲ್ಲ, ನಮ್ಮ ನಮ್ಮ ಮನೆಯಲ್ಲೂ ಅದೇ ಮಾತು.

ಹುಡುಗಿ ಒಂದು ವರ್ಷ ಮನೆಯಲ್ಲಿ ಕೂತು ಅಮ್ಮನ ಜೊತೆ ಕಾಜಾ ಹಾಕಿತು. ಮಜೀದಾ ಹೈಸ್ಕೂಲಿಗೆ ಹೋಗಿ ಕೇಳಿ ಬಂದ್ಳು. ಒಂದು ವರ್ಷ ಬಿಟ್ಟಿದ್ರೆ ಸೇರಿಸ್ಕೊಳ್ತೀವಿ, ಎರಡಾದ್ರೆ ಆಗೋದಿಲ್ಲ ಅಂದ್ರಂತೆ. ಅಂದ್ರೆ ಈ ಜೂನ್ ತಪ್ಪಿದ್ರೆ ಬಿಲ್ಕಿಸಳ ಓದು ಅಲ್ಲಿಗೆ ಮುಗೀತು. ಅವಳು ಗಂಡನ ಹತ್ರ ಜಗಳ ಮಾಡಿದ್ದು ಗೋಡೆಯಾಚೆ ನಮಗೂ ಕೇಳ್ತಿತ್ತು. ಕೊನೆಗೆ ಶರೀಫ, "ಬಸ್ಸು ಬರ್ಲಿ, ಕಳಿಸ್ತೀನಿ. ಮಾತು ಅಂದ್ರೆ ಮಾತು" ಅಂದ. ಬಸ್ಸು ಬರೋದುಂಟಾ ಅಂತ ಅವನ ಧೈರ್ಯ.

ಮಜೀದಾ ಮಾರನೇ ದಿನವೇ ನಮ್ಮನೆ ಜಗಲಿಯಲ್ಲಿ ಬಂದು ಕೂತ್ಳು. "ಹೂವಪ್ಪಣ್ಣ, ನೀವು ಮೆಂಬರು. ಅರ್ಜಿ ಬರೀರಿ." ಬರೆದೆ. ಪೇಟೆಯ ಒಬ್ಬ ಬಸ್ಸಿನ ಮಾಲೀಕ, ಪರ್ಮಿಟ್ ಸಿಕ್ಕಿದ್ರೆ ಬೆಳಿಗ್ಗೆ ಒಂದು ಸಂಜೆ ಒಂದು ಟ್ರಿಪ್ ಬಿಡ್ತೀನಿ ಅಂತ ಒಪ್ಪಿದ. ಏಪ್ರಿಲ್ ಕೊನೆಗೆ ಚಿಕ್ಕಮಗಳೂರಿನ ಆರ್‌ಟಿಓ ಆಫೀಸಿಂದ ಕಾಗದ ಬಂತು. ಇಂಥಾ ದಿನ ಇನ್ಸ್‌ಪೆಕ್ಟರು ಸ್ಥಳ ತನಿಖೆಗೆ ಬರ್ತಾರೆ, ಜನಸಂಚಾರ ನೋಡಿ ವರದಿ ಕೊಡ್ತಾರೆ ಅಂತ.

ಈಗ ನನ್ನ ಘನಂದಾರಿ ಕೆಲಸ ಕೇಳಿ.

ದೊಡ್ಡ ಸಾಹೇಬರು ನಮ್ಮಲ್ಲಿಗೆ ಬರೋದು ಅಂದ್ರೆ ಸುಮ್ಮನೆ ಆಯ್ತಾ? ಮನೆಗೆ ನೆಂಟರು ಬರುವಾಗ ಮನೆಯೋರು ಹೊರಗೆ ಹೋಗಿರೋದುಂಟಾ? ನಾನು ಮನೆಮನೆಗೆ ಹೋಗಿ ತಾಕೀತು ಮಾಡಿದೆ. ಆ ದಿನ ಯಾರೂ ಕೆಲಸಕ್ಕೆ ಹೋಗಕೂಡದು, ಎಲ್ಲ ಮಿಂದು ಮಡಿ ಉಟ್ಟು ಅರಳಿಕಟ್ಟೆ ಹತ್ರ ಇರಬೇಕು ಅಂತ. ರಸ್ತೆ ಗುಡಿಸಿ ನೀರು ಹಾಕಿಸಿದೆ. ಹಿಂದಿನ ರಾತ್ರಿಯೇ ಕಡುಬಿಗೆ ಅಕ್ಕಿ ನೆನೆಸಿದ್ರು. ಗಾರೆ ಕೆಲಸದ ಕರಿಯಣ್ಣ, "ಒಂದಿನದ ಕೂಲಿ ಹೋಗ್ತದೆ ಮಾರಾಯ" ಅಂತ ಗೊಣಗಿದ. ಅವನಿಗೆ ಉಗಿದು ಉಪ್ಪಿನಕಾಯಿ ಹಾಕಿದೆ. ಮಜೀದಾಳೂ, "ಅಣ್ಣ, ಅಂಗಡಿಯೋರು ಅಂಗಿಗೆ ಕಾಯ್ತಾರೆ, ಹೋಗಿ ಬಂದ್ಬಿಡ್ತೀನಿ" ಅಂದ್ಳು. "ನಿನ್ನ ಮಗಳಿಗೋಸ್ಕರವೇ ಇದೆಲ್ಲ, ನೀನೇ ಇರದಿದ್ರೆ ಹೇಗೆ?" ಅಂತ ಅವಳನ್ನೂ ಕೂರಿಸಿದೆ. ಪಾಪ, ಕೂತ್ಳು.

ಏಳಾಯ್ತು, ಎಂಟಾಯ್ತು, ಸಾಹೇಬರ ಸುದ್ದಿಯಿಲ್ಲ. ಹತ್ತೂವರೆಗೆ ಜೀಪು ಬಂತು. ಇಳಿದವರು ಪರಮಶಿವಯ್ಯ ಅಂತ, ಕಡೂರು ಕಡೆಯೋರು, ಕಪ್ಪಗೆ ದಪ್ಪಗೆ, ಕೈಯಲ್ಲೊಂದು ಪೆನ್ಸಿಲ್ಲು. ಇನ್ನೂರು ಜನ ಕೈ ಮುಗಿದ್ವಿ. ನಾನು ಹಾರ ಹಾಕಿದೆ. ಅವರು ಸುತ್ತ ನೋಡಿ, "ಏನ್ರೀ, ಇವತ್ತು ಏನಾದ್ರೂ ಹಬ್ಬವಾ?" ಅಂದ್ರು.

"ಇಲ್ಲ ಸಾರ್, ನೀವು ಬಂದದ್ದೇ ಹಬ್ಬ" ಅಂದೆ. ಎಂಥಾ ಮಾತು ಆಡಿದೆ ನಾನು!

ಅವರು ಹಾರ ತೆಗೆದು ಬಾನೆಟ್ಟಿನ ಮೇಲಿಟ್ರು. "ಬೆಳಿಗ್ಗೆ ಆರರಿಂದ ಕೆಳಗೆ ಸೇತುವೆ ಕಟ್ಟೆ ಮೇಲೆ ಕೂತಿದ್ದೆ ಕಣ್ರೀ. ನಾಲ್ಕು ಗಂಟೆಯಲ್ಲಿ ಎಷ್ಟು ಜನ ಓಡಾಡ್ತಾರೆ ಅಂತ ಎಣಿಸೋದು ನನ್ನ ಕೆಲಸ. ಇಬ್ಬರು ಬಂದ್ರು. ಒಬ್ಬ ಪೋಸ್ಟ್‌ಮ್ಯಾನು, ಇನ್ನೊಬ್ಬ ದನ ಹುಡುಕ್ತಾ ಇದ್ದೋನು. ಇಬ್ಬರಿಗೆ ಬಸ್ಸು ಕೊಡೋಕಾಗುತ್ತಾ?"

ದಿನಾ ಆ ಸೇತುವೆ ಮೇಲೆ ಎಂಬತ್ತು ತೊಂಬತ್ತು ಜನ ದಾಟೋರು. ಅಷ್ಟೂ ಜನರನ್ನ ನಾನೇ ಮಡಿ ಉಡಿಸಿ ಕೂರಿಸಿದ್ದೆ. ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ ಹಾಗಾಯ್ತು. ತೊದಲ್ತಾ ಎಲ್ಲ ವಿವರಿಸಿದೆ. ಪರಮಶಿವಯ್ಯ ಕೆಟ್ಟವರಲ್ಲ, ಪೂರ್ತಿ ಕೇಳಿದ್ರು. ಆದ್ರೆ, "ಎಲ್ಲ ಊರಲ್ಲೂ ಇದೇ ಕತೆ ಹೇಳ್ತಾರೆ. ಕೂಡಿಸಿದ ಜನ ನನ್ನ ಲೆಕ್ಕಕ್ಕೆ ಬರೋಲ್ಲ, ದಾರಿಯಲ್ಲಿ ಕಂಡೋರು ಮಾತ್ರ. ಇವತ್ತು ಕೊಪ್ಪದಲ್ಲೇ ಇರ್ತೀನಿ, ನಾಳೆ ಒಂಬತ್ತಕ್ಕೆ ಶೃಂಗೇರಿ ಕಡೆ ಹೋಗ್ಬೇಕು" ಅಂದ್ರು. ಕಡುಬು ಮಾತ್ರ ನಾಲ್ಕು ತಿಂದ್ರು, ಚೆನ್ನಾಗಿದೆ ಅಂತಲೂ ಅಂದ್ರು.

ಜೀಪು ಹೋದ ಮೇಲೆ ಬಿಲ್ಕಿಸ್ ಯಾರ ಮುಖವನ್ನೂ ನೋಡದೆ ಮನೆಯೊಳಗೆ ಹೋಯ್ತು. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಅಷ್ಟಾದ್ರೂ ಬುದ್ಧಿ ಬಂತಾ? ಇಲ್ಲ. ಸಂಜೆ ಎಲ್ಲರನ್ನೂ ಸೇರಿಸಿ ಹೊಸ ಉಪಾಯ ತೆಗೆದೆ. ನಾಳೆ ಬೆಳಿಗ್ಗೆ ನೆಮ್ಮಾರಿಂದ, ಕಿಗ್ಗದಿಂದ ನಮ್ಮ ನೆಂಟರನ್ನೆಲ್ಲ ಕರೆಸೋಣ, ಎಲ್ಲ ಸೇರಿ ಸಾಹೇಬರು ಇಳಿದಿರೋ ಬಂಗಲೆ ಮುಂದೆ ಎರಡೆರಡು ಸಲ ಓಡಾಡೋಣ ಅಂದೆ.

ಮಜೀದಾ ಎದ್ದು ನಿಂತ್ಳು. ಅವಳು ಸಿಟ್ಟಾಗಿದ್ದನ್ನ ನಾನು ಅವತ್ತೇ ನೋಡಿದ್ದು. "ಹೂವಪ್ಪಣ್ಣ, ಇವತ್ತು ನಡೆಯೋರನ್ನ ಕೂರಿಸಿದ್ರಿ. ನಾಳೆ ಕೂತೋರನ್ನ ನಡೆಸ್ತೀರಾ? ಸಾಕು ಮಾಡಿ."

ಬೇರೆ ಯಾರಾದ್ರೂ ಅಂದಿದ್ರೆ ಮೈಮೇಲೆ ಹೋಗ್ತಿದ್ದೆ. ಅವತ್ತು ಪಂಚೆ ಕೊಡವಿ ಮನೆಗೆ ಹೋದೆ.

ಬೆಳಿಗ್ಗೆ ಆರಕ್ಕೆ ಅವಳು ಎಂದಿನ ಹಾಗೆ ಗಂಟು ಹೊತ್ತು ಇಳಿದ್ಳು. ನಾನೂ ಬಾಲ ಮುದುರಿದ ನಾಯಿ ಹಾಗೆ ಹಿಂದೆ ಹೋದೆ. ಪರಮಶಿವಯ್ಯ ಬಂಗಲೆ ಜಗಲಿಯಲ್ಲಿ ಕಾಫಿ ಕುಡೀತಾ ಇದ್ರು. ಮಜೀದಾ ಗಂಟು ಇಳಿಸಿ, ಸೆರಗು ಸರಿ ಮಾಡ್ಕೊಂಡು ನಿಂತ್ಳು. ಅಳಲಿಲ್ಲ, ಕಾಲು ಹಿಡೀಲಿಲ್ಲ.

"ಸಾರ್, ಇವತ್ತು ಸೇತುವೆ ಮೇಲೆ ಕೂತಿದ್ರೆ ತೊಂಬತ್ತು ಜನ ಸಿಗ್ತಿದ್ರು. ಅದರಲ್ಲಿ ನಾನೂ ಒಬ್ಬಳು. ಆದ್ರೆ ನಮ್ಮನ್ನ ಎಣಿಸಿ ಎಂತ ಮಾಡ್ತೀರಿ? ನಾವು ಬಸ್ಸಿದ್ರೂ ಬರ್ತೀವಿ, ಇಲ್ಲದಿದ್ರೂ ಬರ್ತೀವಿ. ಬಸ್ಸು ಬೇಕಾಗಿರೋದು ಆ ದಾರಿಯಲ್ಲಿ ಬರೋಕಾಗದೇ ಇರೋರಿಗೆ. ಅವರು ಸೇತುವೆ ಹತ್ರ ಹೇಗೆ ಕಾಣ್ತಾರೆ ಸಾರ್? ಅವರನ್ನ ಎಣಿಸಿ."

ಪರಮಶಿವಯ್ಯ ಲೋಟ ಕೆಳಗಿಟ್ರು. "ಅಲ್ಲಮ್ಮ, ಬಾರದೇ ಇರೋರನ್ನ ಬರೆಯೋಕೆ ನನ್ನ ಫಾರಂನಲ್ಲಿ ಜಾಗವೇ ಇಲ್ಲ."

"ಹಿಂದುಗಡೆ ಖಾಲಿ ಇರ್ತದಲ್ಲ ಸಾರ್" ಅಂದ್ಳು.

ಅವರು ನಿಜವಾಗ್ಲೂ ಹಾಳೆ ತಿರುಗಿಸಿ ನೋಡಿದ್ರು. ಹಿಂದೆ ಖಾಲಿಯೇ ಇತ್ತು. ಡ್ರೈವರನ್ನ ಕರೆದ್ರು. ಶೃಂಗೇರಿ ಪ್ರಯಾಣ ಮಾರನೇ ದಿನಕ್ಕೆ ಹೋಯ್ತು.

ಆ ದಿನ ಹಾರವಿಲ್ಲ, ಕಡುಬಿಲ್ಲ. ಎಲ್ಲ ಕೆಲಸಕ್ಕೆ ಹೋಗಿದ್ರು. ಸಾಹೇಬರು ಒಂದೊಂದೇ ಬಾಗಿಲು ತಟ್ಟಿದ್ರು, ಮೆಂಬರು ಅಂತ ನಾನು ಜೊತೆಗೆ. ಗಿರಿಯಮ್ಮ, ಮೊಣಕಾಲು ಹಿಡಿದು ನಾಲ್ಕು ವರ್ಷದಿಂದ ಆಸ್ಪತ್ರೆ ಕಂಡಿಲ್ಲ. ಇನ್ನೊಂದು ಮನೆಯಲ್ಲಿ ತುಂಬಿದ ಬಸುರಿ. ಮತ್ತೊಂದರಲ್ಲಿ ದಮ್ಮಿನ ಮುದುಕ. ಮತ್ತೆ ಹುಡುಗಿಯರು ಮಾರಾಯ್ರೆ! ಬಾಗಿಲ ಸಂದಿಯಲ್ಲಿ, ಒಲೆ ಹತ್ರ, ಬಾವಿಕಟ್ಟೆಯಲ್ಲಿ. ಏಳನೇ ಕ್ಲಾಸು ಪಾಸು, ಏಳು ಪಾಸು, ಏಳು ಪಾಸು. ಎಪ್ಪತ್ತು ಮನೆಯ ರೇಷನ್ ಕಾರ್ಡು ನನಗೆ ಬಾಯಿಪಾಠ ಇತ್ತು, ಇಷ್ಟು ಹುಡುಗಿಯರು ಹೀಗೆ ಕೂತಿದ್ದಾರೆ ಅಂತ ಮಾತ್ರ ಗೊತ್ತಿರಲಿಲ್ಲ. ಹದಿನಾಲ್ಕು ಹುಡುಗಿಯರು.

ನಮ್ಮನೆ ಮುಂದೆ ಬಂದಾಗ, "ಇಲ್ಲಿ ಅಂಥೋರು ಯಾರೂ ಇಲ್ಲ ಸಾರ್, ಇದು ನಮ್ಮದೇ ಮನೆ" ಅಂದೆ. ಒಳಗಿಂದ ನನ್ನ ಹೆಂಡತಿಯ ದನಿ ಬಂತು. "ಬರ್ಕೊಳ್ಳಿ ಸಾರ್, ವನಜಮ್ಮ. ತವರಿಗೆ ಹೋಗಿ ಐದು ವರ್ಷ ಆಯ್ತು. ಸೊಂಟ ಮುರಿದೋಳಿಗೆ ಬಸ್‌ಸ್ಟ್ಯಾಂಡಿನ ತನಕ ನಡೆಯೋಕಾಗೋದಿಲ್ಲ."

ಪರಮಶಿವಯ್ಯ ನನ್ನ ಕಡೆ ನೋಡದೆ ಬರ್ಕೊಂಡ್ರು. ಅದು ಅವರ ದೊಡ್ಡತನ. ಸಂಜೆಯೊಳಗೆ ಹಾಳೆಯ ಹಿಂದುಗಡೆ ತುಂಬಿತ್ತು, ಎಂಬತ್ತಾರು ಹೆಸರು.

ಪರ್ಮಿಟ್ ಬಂತು. ಜೂನ್ ಮೊದಲ ವಾರ ಬೆಳಿಗ್ಗೆ ಎಂಟೂವರೆಗೆ ಬಸ್ಸು ಗುಡ್ಡ ಹತ್ತಿತು. ಶರೀಫ ಮಂಡಿಗೆ ರಜಾ ಹಾಕಿ, ತಾನೇ ಮಗಳ ಚೀಲ ಹಿಡ್ಕೊಂಡು ಬಂದ. "ಮಾತು ಅಂದ್ರೆ ಮಾತು" ಅಂತ ಯಾರೂ ಕೇಳದೆಯೇ ನಾಲ್ಕು ಸಲ ಹೇಳಿದ. ಬಿಲ್ಕಿಸ್ ಕಿಟಕಿ ಪಕ್ಕ ಕೂತ್ಳು. ಪಕ್ಕದಲ್ಲಿ ಮಜೀದಾ, ತೊಡೆ ಮೇಲೆ ಅಂಗಿ ಗಂಟು. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವಳು ಕೂತು ಪೇಟೆಗೆ ಹೋಗೋದು. ಮೆಂಬರಲ್ವಾ, ಮುಂದಿನ ಸೀಟಲ್ಲಿ ನಾನು.

ಹುಡುಗಿಯರು ಹತ್ತಿದ್ರು, ಬಸುರಿ ಹತ್ತಿದ್ಳು, ದಮ್ಮಿನ ಮುದುಕನನ್ನ ಎತ್ತಿ ಹತ್ತಿಸಿದ್ರು. ಬಸ್ಸು ಕಾಲಿಡೋಕೆ ಜಾಗವಿಲ್ಲದಷ್ಟು ತುಂಬಿತು. ಆಗ ಗಿರಿಯಮ್ಮ, ಕೋಲೂರಿ, ಸೊಸೆ ಕೈ ಹಿಡಿದು ಬಂದ್ರು. ಕಂಡಕ್ಟರ್ ತಿಮ್ಮಣ್ಣ ಕೈ ಅಡ್ಡ ಹಿಡಿದ. "ಇನ್ನಾಗಲ್ಲ ಅಜ್ಜಿ, ನಾಳೆ ಬನ್ನಿ. ಮೊದಲ ದಿನವೇ ಕೇಸು ಮಾಡಿಸ್ಬೇಡಿ."

ನಾನು ನನ್ನ ಸೀಟಲ್ಲಿ ಯೋಚಿಸ್ತಾ ಇದ್ದೆ. ಅಷ್ಟರಲ್ಲಿ ಮಜೀದಾ ಎದ್ದು, ಜನರ ನಡುವೆ ದಾರಿ ಮಾಡ್ಕೊಂಡು, ಗಂಟು ಸಮೇತ ಇಳಿದೇಬಿಟ್ಳು. "ಅಜ್ಜೀನ ನನ್ನ ಜಾಗದಲ್ಲಿ ಕೂರಿಸಿ, ಮಗಳ ಪಕ್ಕ" ಅಂದ್ಳು. ಬಿಲ್ಕಿಸ್, "ಅಮ್ಮೀ" ಅಂತ ಕೂಗಿತು. ಇವಳು ಹೋಗು ಅಂತ ಕೈ ಬೀಸಿದ್ಳು.

ಆಮೇಲೆ ನಾನು ಹೇಗೆ ಕೂತಿರ್ಲಿ? ಇಳಿದೆ. ಸೊಸೆ ನನ್ನ ಸೀಟಲ್ಲಿ ಕೂತ್ಳು. ಬಸ್ಸು ಹೋಯ್ತು.

ಇಬ್ಬರೂ ನಡೆದ್ವಿ. ಅರ್ಧ ಮೈಲಿ ಆದ ಮೇಲೆ ಗಂಟು ಕೊಡು ಅಂತ ಈಸ್ಕೊಂಡೆ. ಅಯ್ಯಪ್ಪಾ, ಅಂಗಿ ಅಷ್ಟು ಭಾರ ಇರ್ತವೆ ಅಂತ ನನಗೆ ಗೊತ್ತಿರಲಿಲ್ಲ. ಅವಳು ಮುಂದೆ ಮುಂದೆ, ನಾನು ಏದುಸಿರು ಬಿಡ್ತಾ ಹಿಂದೆ. "ತಪ್ಪಾಯ್ತು ಮಾರಾಯ್ತಿ, ನನ್ನಿಂದ ನಿನ್ನ ಕೂಸಿನ ಓದೇ ಹೋಗ್ತಿತ್ತು" ಅಂದೆ. "ಹೋಗಲಿಲ್ಲವಲ್ಲ ಅಣ್ಣ" ಅಂದ್ಳು, ಅಷ್ಟೇ.

ಪೇಟೆ ಅಂಚಿಗೆ ಬಂದಾಗ ಹೈಸ್ಕೂಲಿನ ಗಂಟೆ ಹೊಡೆಯಿತು. ಮಜೀದಾ ಗಕ್ಕನೆ ನಿಂತ್ಳು. ಗಂಟೆ ನಿಲ್ಲೋ ತನಕ ಹಾಗೇ ನಿಂತಿದ್ಳು. ಎರಡು ದಿನ ಸಾಹೇಬರ ಮುಂದೆ ಬಾರದ ನೀರು ಆಗ ಅವಳ ಕಣ್ಣಿಗೆ ಬಂತು.

"ಈಗ ಒಳಗೆ ಹೋಗಿ ಕೂತಿರ್ತಾಳಲ್ವಾ ಅಣ್ಣ?" ಅಂತ ಕೇಳಿದ್ಳು.

"ಕೂತಿರ್ತಾಳೆ ಮಾರಾಯ್ತಿ, ಕೂತಿರ್ತಾಳೆ" ಅಂದೆ.