ಊರಿಗೊಂದೇ ಟರ್ಬೂಷ್

ನಾನು ಒಂದು ಟರ್ಬೂಷ್. ಈಜಿಪ್ಟಿನ ದೊಡ್ಡ ಮನುಷ್ಯರು ತಲೆಗೇರಿಸುತ್ತಿದ್ದ ಎತ್ತರದ ಕೆಂಪು ಉಣ್ಣೆಯ ಟೋಪಿ. ನೆತ್ತಿಯಿಂದ ಕಪ್ಪು ರೇಷ್ಮೆಯ ಕುಚ್ಚು ಇಳಿಬಿದ್ದಿರುತ್ತದೆ. ಹುಟ್ಟಿದ್ದು ಕೈರೋ ಪಟ್ಟಣದ ಇಕ್ಕಟ್ಟಿನ ಬೀದಿಯೊಂದರಲ್ಲಿ, ಬಿಸಿ ಆವಿಯೊಳಗೆ. ಹಿತ್ತಾಳೆಯ ಅಚ್ಚಿಗೆ ನನ್ನನ್ನು ಎಳೆದು ಕೂರಿಸಿ, ಮೇಲಿನಿಂದ ಇನ್ನೊಂದು ಕಾದ ಅಚ್ಚು ಒತ್ತಿದಾಗ ಪ್ರಾಣವೇ ಹೋದಂತಾಯಿತು. ಒತ್ತಿದವನ ಅಂಗೈ ತುಂಬ ಬೊಬ್ಬೆ. ಅವನ ತಲೆಗೆ ಮಾತ್ರ ಒಂದು ಹರಕು ಬಟ್ಟೆ. ದಿನವಿಡೀ ಟರ್ಬೂಷ್ ಮಾಡುವವನಿಗೇ ಟರ್ಬೂಷ್ ಇಲ್ಲ! ಲೋಕದ ನ್ಯಾಯ ಎಂಥದ್ದೆಂದು ಹುಟ್ಟಿದ ದಿನವೇ ನನಗೆ ತಿಳಿದುಹೋಯಿತು.

ಬೇರೆ ವಸ್ತುಗಳು ಒಡೆಯರನ್ನು ಕೆಳಗಿನಿಂದ ನೋಡುತ್ತವೆ. ಚಪ್ಪಲಿಗೆ ಹಿಮ್ಮಡಿ ಗೊತ್ತು, ಕುರ್ಚಿಗೆ ಇನ್ನೊಂದು ಗೊತ್ತು. ನನಗೆ ಗೊತ್ತಿರುವುದು ತಲೆ. ಬಾಯಿ ಎಷ್ಟು ಸುಳ್ಳು ಹೇಳಿದರೂ ತಲೆಯ ಬೆವರು ಸುಳ್ಳು ಹೇಳುವುದಿಲ್ಲ.

ನನ್ನನ್ನು ಮೊದಲು ಕೊಂಡವನು ಶವ್ಕತ್ ಬೇ. ಬೇ ಎಂಬುದು ಅರಸ ಕೊಟ್ಟ ಬಿರುದು. ನೈಲ್ ನದಿ ಕವಲೊಡೆಯುವ ಸೀಮೆಯಲ್ಲಿ ಕಣ್ಣು ಹಾಯುವವರೆಗೂ ಅವನದೇ ಹತ್ತಿಯ ಹೊಲ. ನನ್ನ ಒಳಗಿನ ತೊಗಲಿನ ಪಟ್ಟಿಗೆ ತನ್ನ ಹೆಸರನ್ನು ಚಿನ್ನದ ಅಕ್ಷರದಲ್ಲಿ ಒತ್ತಿಸಿಕೊಂಡ. ಅವನ ತಲೆ ಸದಾ ತಣ್ಣಗಿರುತ್ತಿತ್ತು, ಗುಲಾಬಿ ಎಣ್ಣೆಯ ವಾಸನೆ ಬೇರೆ. ಬೆವರುವ ಕೆಲಸವನ್ನು ಅವನು ಬೇರೆಯವರಿಗೆ ಬಿಟ್ಟಿದ್ದ.

ಆ ದೇಶದ ರಿವಾಜು ಹೇಳುತ್ತೇನೆ, ಕೇಳಿ. ಟರ್ಬೂಷ್ ಹಾಕಿದವನು ಯಾವ ದೊರೆಯ ಮುಂದೆಯೂ ಅದನ್ನು ತೆಗೆಯಬಾರದು, ತಲೆಯ ಮೇಲಿದ್ದರೇ ಮರ್ಯಾದೆ. ಆದರೆ ಬೇಯ ಎದುರಿಗೆ ಬರುವ ರೈತ ಹೊಸ್ತಿಲಾಚೆಯೇ ಚಪ್ಪಲಿ ಬಿಡಬೇಕು. ಒಬ್ಬನಿಗೆ ಹಾಕಿಕೊಳ್ಳುವುದು ಮರ್ಯಾದೆ, ಇನ್ನೊಬ್ಬನಿಗೆ ಬಿಚ್ಚುವುದು ಮರ್ಯಾದೆ!

ಒಮ್ಮೆ ಔತಣದಲ್ಲಿ ಯಾರೋ ನನ್ನ ಮೇಲೆ ಕಾಫಿ ಚೆಲ್ಲಿದರು. ಬೇ ನನ್ನನ್ನು ಬಟ್ಟೆ ಒಗೆಯುವ ಅತಿಯ್ಯಾತಳತ್ತ ಎಸೆದ. "ತಗೊಂಡ್ಹೋಗು, ನಿನ್ನ ಕತ್ತೆಗೆ ಹಾಕು" ಎಂದ.

"ನಮ್ಮ ಕತ್ತೆಗೆ ಮಾನ ಇದೆ" ಎಂದಳು ಅತಿಯ್ಯಾತ್. ಅಂದದ್ದು ಮನೆಗೆ ಬಂದಮೇಲೆ, ಗಂಡ ಉವೈಸನ ಮುಂದೆ.

ಅವಳು ಏನೇನೋ ಉಜ್ಜಿ ಕಲೆ ತೆಗೆದಳು. ಬೇಳೆ ಬೇಯುವ ಮಡಕೆಯ ಹಬೆಗೆ ಹಿಡಿದಳು, ಇನ್ನೊಂದು ಮಡಕೆಯನ್ನು ಬೋರಲು ಹಾಕಿ ಅದರ ಮೇಲೆ ನನ್ನನ್ನು ಕೂರಿಸಿ ತೀಡಿದಳು. ಕೈರೋದ ಹಿತ್ತಾಳೆ ಅಚ್ಚಿಗಿಂತ ಆ ಮಣ್ಣಿನ ಮಡಕೆ ನನಗೆ ಹಿತವಾಗಿತ್ತು.

ಅಲ್ಲಿಂದ ನಾನು ಊರಿನ ಸ್ವತ್ತಾದೆ. ಕಚೇರಿಯ ಕಾವಲುಗಾರ ರೈತರ ಬಟ್ಟೆಟೋಪಿ ಕಂಡರೆ ಬಾಗಿಲಿಂದಲೇ ಅಟ್ಟುತ್ತಿದ್ದ, ಟರ್ಬೂಷ್ ಕಂಡರೆ ಸಲಾಮು ಹೊಡೆಯುತ್ತಿದ್ದ. ಟರ್ಬೂಷ್ ಹಾಕಿದ ಓದುಬಲ್ಲವನು ಎಫೆಂದಿ, ಅವನ ಮಾತು ಮಾತು. ಹಾಗಾಗಿ ಅಂಚೆಗೋ ಆಸ್ಪತ್ರೆಗೋ ಹೋಗುವವರು ಅತಿಯ್ಯಾತಳ ಮನೆಗೆ ಬಂದು ನನ್ನನ್ನು ಎರವಲು ಒಯ್ಯುತ್ತಿದ್ದರು. ಅವಳ ಷರತ್ತು ಎರಡೇ: ತಲೆ ತೊಳೆದು ಹಾಕಿಕೊಳ್ಳಬೇಕು, ತಿರುಗಿ ಕೊಡುವಾಗ ಒಳಗೊಂದು ಮೊಟ್ಟೆ ಇಟ್ಟುಕೊಡಬೇಕು. ಸಣ್ಣ ತಲೆಯವರಿಗೆ ನಾನು ಕಿವಿಯವರೆಗೂ ಇಳಿಯುತ್ತಿದ್ದೆ, ದಪ್ಪ ತಲೆಯವರ ಮೇಲೆ ಬಟ್ಟಲಿನಂತೆ ಕೂರುತ್ತಿದ್ದೆ. ಬೆವರು ಮಾತ್ರ ಎಲ್ಲರದೂ ಬಿಸಿ. ಆ ಬೆವರಿನ ಋಣ ನನ್ನ ಮೇಲಿದೆ.

ಆ ವರ್ಷ ಹತ್ತಿ ಬಿಡಿಸುವಾಗ ಬೇಯ ಮೇಸ್ತ್ರಿ ಬಸುರಿ ಹೆಂಗಸೊಬ್ಬಳ ಮೇಲೆ ಚಾಟಿ ಎತ್ತಿದ. ಉವೈಸ್ ಅವನ ಕೈ ಹಿಡಿದ. ಹಿಡಿದದ್ದು, ಅಷ್ಟೇ. ಸಂಜೆಗೆ ಉವೈಸನನ್ನು ತಾಲೂಕು ಠಾಣೆಯಲ್ಲಿ ಕೂಡಿಹಾಕಿದರು. ಯಾರಾದರೂ ಎಫೆಂದಿ ಬಂದು ಜಾಮೀನು ನಿಂತರೆ ಮಾತ್ರ ಬಿಡುಗಡೆಯಂತೆ. ಉವೈಸನ ಎದೆಯೋ ಮೊದಲೇ ಗೂರಲು, ಆ ತೇವದ ಕೋಣೆಯಲ್ಲಿ ಚಳಿಗಾಲ ಕಳೆಯುವ ದೇಹವಲ್ಲ ಅದು.

ಎಫೆಂದಿಯ ವೇಷದಲ್ಲಿ ಜಾಮೀನು ನಿಲ್ಲಲು ಮಗ ರಿಜ್ಕ್ ಹೊರಟ. ಹತ್ತಿಯ ಹುಳ ಆರಿಸಲೆಂದು ಚಿಕ್ಕಂದಿನಲ್ಲೇ ಶಾಲೆ ಬಿಡಿಸಿದ ಹುಡುಗ, ಈಗ ಮೀಸೆ ಬಂದಿತ್ತು. ಅವನ ತಲೆಯ ಮೇಲೆ ಕೂತರೆ ಒಲೆಯ ಮೇಲೆ ಕೂತಂತೆ.

"ಬಾಯಿ ಬಿಗಿ ಹಿಡ್ಕೊ" ಎಂದಳು ತಾಯಿ. "ಎಫೆಂದಿಗಳು ಮಾತು ಕಮ್ಮಿ. ಅವರು ಕೆಮ್ಮಿದ್ರೂ ಜನ ಹೌದು ಅಂತಾರೆ."

"ಅವರ ಮುಖಕ್ಕೆ ಉಗೀಬೇಕು ಅನ್ಸುತ್ತೆ ಅವ್ವಾ."

"ಉಗಿಯೋವಂತೆ, ಅಪ್ಪನ್ನ ಮನೆಗೆ ಕರ್ಕೊಂಡು ಬಂದಮೇಲೆ. ಈಗ ನುಂಗು."

ಬೇಗೆ ಹೆದರಿ ತಾವು ಬರಲೊಲ್ಲದ ಊರ ಶಾಲೆಯ ಮೇಷ್ಟರ ಹಳೇ ಕೋಟು, ಮೇಷ್ಟರ ಬೂಟು, ಮೇಲೆ ನಾನು. ಠಾಣೆಯ ಕಾವಲುಗಾರ ಸಲಾಮು ಹೊಡೆದ. ಒಳಗಿಂದ ಅಧಿಕಾರಿ ತಲೆಯೆತ್ತಿ, "ಬನ್ನಿ ಎಫೆಂದಿ, ಬನ್ನಿ" ಎಂದ. ಎಲ್ಲ ಸರಿಯಾಗಿತ್ತು. ಆದರೆ ಹೊಸ್ತಿಲಾಚೆ ರತ್ನಗಂಬಳಿ ಹಾಸಿತ್ತು. ಅದನ್ನು ಕಂಡದ್ದೇ ರಿಜ್ಕನ ಕಾಲು, ತಲೆಯನ್ನು ಒಂದು ಮಾತೂ ಕೇಳದೆ, ಬೂಟು ಕಳಚಿಬಿಟ್ಟಿತು! ಬೇಡವೋ ಎಂದು ಕೂಗಬೇಕೆನಿಸಿತು. ಟೋಪಿಗೆ ಬಾಯಿ ಎಲ್ಲಿಂದ ಬರಬೇಕು? ಬರಿಗಾಲಲ್ಲಿ ಒಳಗೆ ನಡೆದ.

ಅಧಿಕಾರಿ ನನ್ನನ್ನು ನೋಡಿದ, ಒಡೆದ ಹಿಮ್ಮಡಿ ನೋಡಿದ, ಮೇಜು ಕುಟ್ಟಿ ನಕ್ಕ. "ಮೇಲೆ ಎಫೆಂದಿ, ಕೆಳಗೆ ಎಮ್ಮೆ ಕಾಯೋನು!" ನನ್ನನ್ನು ಕಿತ್ತು ಒಳಗೆ ಕಣ್ಣಾಡಿಸಿದ. ಚಿನ್ನದ ಅಕ್ಷರ ಮಿಂಚಿತು. "ಓಹೋ, ಬೇಯ ಮನೆಯಲ್ಲಿ ಕಳ್ಳತನ ಬೇರೆ!"

ರಿಜ್ಕ್ ನುಂಗಿಕೊಂಡದ್ದೆಲ್ಲ ಹೊರಬಂತು. "ನಮ್ಮಪ್ಪ ಬಸುರಿ ಮೇಲೆ ಬೀಳೋ ಏಟು ತಡೆದ. ಮೊದಲು ಅದನ್ನ ಬರ್ಕೊಳ್ಳಿ!"

ಅವನನ್ನೂ ಅಪ್ಪನ ಜೊತೆಗೇ ಕೂಡಿಹಾಕಿದರು.

ಮರುದಿನ ಟೋಪಿಯ ಗುರುತು ಹೇಳಲು ಶವ್ಕತ್ ಬೇಯನ್ನೇ ಕರೆಸಿದರು. ಠಾಣೆಯ ಮೆಟ್ಟಿಲ ತುಂಬ ನಮ್ಮೂರ ಜನ. ಅತಿಯ್ಯಾತ್ ಮುಂದೆ ಬಂದಳು. ದನಿ ಎತ್ತರವಿಲ್ಲ, ಆದರೆ ಬೀದಿಗೆಲ್ಲ ಕೇಳುತ್ತಿತ್ತು.

"ಇದು ನಿಮ್ದೇ ಬೇ. ನಿಮ್ದು ಅಂತ ಒಂದು ಮಾತು ಹೇಳಿ, ಹಾಕ್ಕೊಂಡು ಹೋಗಿ. ಹಾಂ, ಮೊದಲೇ ಹೇಳಿಬಿಡ್ತೀನಿ. ಇದರೊಳಗೆ ಹಜಾಮ ಸುಬ್ಹಿ ತಲೆ ಕೂತೆದ್ದಿದೆ, ಕಾಲುವೆ ಹೂಳು ತೆಗೆಯೋರ ತಲೆ ಕೂತೆದ್ದಿದೆ. ಹೇನು ಯಾರದು ಅಂತ ನಂಗೆ ಗೊತ್ತಿಲ್ಲ."

ಜನ ಕಿಸಕ್ಕೆಂದರು. ಬೇಯ ಕೈ ತಾನಾಗಿ ಹಿಂದೆ ಸರಿಯಿತು. "ಇದು ನನ್ನದಲ್ಲ" ಎಂದ.

"ಹೆಸರಿದೆಯಲ್ಲ, ಬೇ..." ಎಂದ ಅಧಿಕಾರಿ.

"ಆ ಹೆಸರಿನವರು ದೇಶದ ತುಂಬ ಇದ್ದಾರೆ!"

"ಹಾಗಾದ್ರೆ ಕಳ್ಳತನ ಎಲ್ಲಿ ಬಂತು?" ಎಂದಳು ಅತಿಯ್ಯಾತ್. "ಗಂಡನ್ನೂ ಮಗನ್ನೂ ಬಿಟ್ರೆ ಈಗಲೇ ಟೋಪಿ ಎತ್ಕೊಂಡು ಹೋಗ್ತೀನಿ. ಇಲ್ಲಾಂದ್ರೆ ಇದೇ ಮೆಟ್ಟಿಲ ಮೇಲೆ ಕೂತು, ಬೇ ತಲೆಯಿಂದ ಇದು ಯಾರ್ಯಾರ ತಲೆಗೆ ಹೋಯ್ತು ಅಂತ ದಾರಿಹೋಕರಿಗೆಲ್ಲ ಕಥೆ ಹೇಳ್ತೀನಿ. ನಂಗೇನು, ಪುರುಸೊತ್ತಿದೆ."

ಬೇಯ ಹೊಸ ಟರ್ಬೂಷಿನ ಅಂಚಿನಿಂದ ಬೆವರು ಇಳಿಯಿತು. ಅವನ ತಲೆ ಬೆವತದ್ದನ್ನು ನಾನು ಕಂಡದ್ದು ಅದೇ ಮೊದಲು. "ಬಿಟ್ಟು ಕಳಿಸಿ ಆ ಇಬ್ಬರನ್ನೂ! ಆ ಹೊಲಸನ್ನೂ!"

ಉವೈಸ್ ಕೆಮ್ಮುತ್ತ ಹೊರಬಂದು, ನನ್ನನ್ನು ನೋಡಿ ನಕ್ಕುಬಿಟ್ಟ. ಅಬ್ಬಾ, ಆ ಹೆಂಗಸು! ಚಾಟಿ ಹಿಡಿದವರನ್ನು ಅವರ ಅಸಹ್ಯದಿಂದಲೇ ಹಣಿದವಳು. ಸೇನಾಪತಿಗಳನ್ನು ಹೊಗಳುವವರು ಹೊಗಳಲಿ, ನಾನು ಅವಳನ್ನು ಹೊಗಳುತ್ತೇನೆ.

ಮುಂದಿನ ಬೇಸಿಗೆಯಲ್ಲಿ ಸೈನ್ಯ ಅರಸನ ಮೇಲೆ ದಂಗೆ ಎದ್ದಿತು, ಅರಸ ಹಡಗು ಹತ್ತಿ ಹೊರಟುಹೋದ. ಬಿರುದುಗಳು ರದ್ದಾದವು. ದೊಡ್ಡ ಜಮೀನುಗಳನ್ನು ಒಡೆದು ಹಂಚಿದರು. ಜನ ಟರ್ಬೂಷ್ ಬಿಟ್ಟರು, ನನ್ನ ಕುಲದವರು ತಿಪ್ಪೆ ಸೇರಿದರು. ಸೇರಲಿ ಬಿಡಿ. ನಾನು ಮಾತ್ರ ಬದುಕಿಕೊಂಡೆ. ಬೇಯ ಹಳೇ ಉಗ್ರಾಣದಲ್ಲಿ ರೈತರ ಸಹಕಾರ ಸಂಘ ಶುರುವಾಯಿತು, ರಿಜ್ಕ್ ಅಲ್ಲಿ ಬೀಜ ಅಳೆದು ಕೊಡುವವನಾದ. ಅತಿಯ್ಯಾತ್ ನನ್ನನ್ನು ಬೋರಲಾಗಿ ಅಲ್ಲ, ಬಾಯಿ ಮೇಲಾಗಿ ಅದೇ ಸಂಘದ ಮೂಲೆಯ ಹಲಗೆಯ ಮೇಲಿಟ್ಟು, ಮಾರುವ ಮೊಟ್ಟೆಗಳನ್ನು ನನ್ನೊಳಗೆ ತುಂಬಿದಳು.

ಕೆಲವು ವರ್ಷಗಳ ಮೇಲೆ ಒಂದು ಮಳೆಯ ಬೆಳಗ್ಗೆ, ಉಳಿದ ತುಂಡು ಹೊಲಕ್ಕೆ ಬೀಜ ಕೇಳಲು ಶವ್ಕತ್ ಬಂದ. ಮುದುಕನಾಗಿದ್ದ. ಹೊರಗೆ ರೈತರ ಚಪ್ಪಲಿ ಸಾಲಾಗಿ ಬಿದ್ದಿದ್ದವು, ಹಳೇ ಅಭ್ಯಾಸ. ಅವನ್ನು ನೋಡಿ ಅವನು ನಿಂತ. ಒಳಗೆ ರಿಜ್ಕನನ್ನು ನೋಡಿದ. ಮೆಲ್ಲಗೆ ಬಗ್ಗಿ, ಬೂಟಿನ ದಾರಕ್ಕೆ ಕೈ ಹಾಕಿದ.

ರಿಜ್ಕ್ ಬೀಜ ಅಳೆಯುವುದನ್ನು ಬಿಟ್ಟು ನೋಡುತ್ತ ಕೂತ. ನಾನೀಗ ಅವನ ತಲೆಯ ಮೇಲಿಲ್ಲ, ಆದರೂ ಆ ಬಿಸಿ ನನಗೆ ತಟ್ಟಿತು. ಬೂಟು ಬಿಚ್ಚಲಿ ಎಂದುಕೊಂಡೆ ನಾನೂ. ಬಿಚ್ಚಲಿ!

"ಬೂಟು ಹಾಕ್ಕೊಂಡೇ ಒಳಗೆ ಬನ್ನಿ" ಎಂದಳು ಅತಿಯ್ಯಾತ್. ಆಮೇಲೆ ಒಳಗಿದ್ದ ರೈತರ ಮೇಲೆ ಹರಿಹಾಯ್ದಳು. "ನೀವು ಏನ್ ನೋಡ್ತಾ ನಿಂತ್ರಿ? ಹೋಗಿ, ನಿಮ್ಮ ನಿಮ್ಮ ಚಪ್ಪಲಿ ಮೆಟ್ಕೊಂಡು ಬನ್ನಿ. ಇನ್ನೂ ಯಾರಿಗೋಸ್ಕರ ಬಿಚ್ತೀರಿ?"

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಉವೈಸ್ ಹೊರಗೆ ಹೋಗಿ ಚಪ್ಪಲಿ ಮೆಟ್ಟಿ ಬಂದ. ಹಿಂದೆಯೇ ಉಳಿದವರು. ಕೊನೆಗೆ ರಿಜ್ಕನೂ ಎದ್ದು ಹೋಗಿ ತನ್ನ ಬೂಟು ಹಾಕಿಕೊಂಡು ಬಂದು, ಮುದುಕನ ಚೀಲಕ್ಕೆ ಬೀಜ ಅಳೆದ.

ಆ ಮಧ್ಯಾಹ್ನ ಉಗ್ರಾಣದ ನೆಲವೆಲ್ಲ ಕೆಸರು, ಚಪ್ಪಲಿಯ ಗುರುತು, ಬೂಟಿನ ಗುರುತು, ಯಾವುದು ಯಾರದೆಂದು ಹೇಳುವ ಹಾಗಿರಲಿಲ್ಲ. ಬೇಯ ಬಂಗಲೆಯ ಅಮೃತಶಿಲೆಯ ಮೇಲೆ ಓಡಾಡಿದವನು ನಾನು. ಅಷ್ಟು ಚೆಂದದ ನೆಲವನ್ನು ಅಲ್ಲೂ ಕಂಡಿರಲಿಲ್ಲ.