ಅಮರಪ್ಪ ಕಂಡುಹಿಡಿದ ಕಾಯ್ದೆ

ಜೈನಾಪುರದ ಅಮರಪ್ಪ ಸಾಂಗಲಿಯಲ್ಲಿ ಬಿ.ಎಸ್ಸಿ. ಮುಗಿಸಿ ಬಂದಾಗ ಊರವರು ಆತ ಮಾಮಲೇದಾರನಾಗುತ್ತಾನೆ ಎಂದುಕೊಂಡಿದ್ದರು. ಆತ ತಾನು ಅದಕ್ಕಿಂತ ದೊಡ್ಡದೇನೋ ಆಗುತ್ತೇನೆ ಎಂದುಕೊಂಡಿದ್ದ. ಕೊನೆಗೆ ಆದದ್ದು ವಿಜಾಪುರದಲ್ಲಿ ತಿಕೋಟಾ ಮೋಟಾರು ಕಂಪನಿಯ ಗುಮಾಸ್ತ. ಆದರೇನು, ವಿಜ್ಞಾನ ಆತನನ್ನು ಬಿಡಲಿಲ್ಲ. ಚಹಾ ಆರುವುದಕ್ಕೂ ಬಟ್ಟಲಿನ ಬಾಯಿಯ ಅಗಲಕ್ಕೂ ಇರುವ ಸಂಬಂಧವನ್ನು ಹೆಂಡತಿ ಶಂಕ್ರೆವ್ವನಿಗೆ ವಿವರಿಸುತ್ತ ಎಷ್ಟೋ ಸಲ ಆತ ತಣ್ಣಗಾದ ಚಹಾ ಕುಡಿದಿದ್ದ. ಮದುವೆಯ ಹೊಸದರಲ್ಲಿ ಆಕೆಯನ್ನು ಗೋಳಗುಮ್ಮಟಕ್ಕೆ ಕರೆದೊಯ್ದು ಪ್ರತಿಧ್ವನಿಯ ಬಗ್ಗೆ ಪಾಠ ಹೇಳಿದಾಗ ಆಕೆ ಶಾಂತವಾಗಿ ಅಂದಿದ್ದಳು:

“ಇಲ್ಲಿ ಒಂದ ಸಲ ಕರದ್ರ ಏಳ ಸಲ ಕೇಳತೈತಿ. ಮನ್ಯಾಗ ಏಳ ಸಲ ಕರದ್ರೂ ನಿಮಗ ಒಂದ ಸಲ ಕೇಳಂಗಿಲ್ಲ. ಇದಕ್ಕೇನಂತಾರ ನಿಮ್ಮ ಪುಸ್ತಕದಾಗ?”

ಅಮರಪ್ಪ ಇನ್ನೊಮ್ಮೆ ಚಪ್ಪಾಳೆ ತಟ್ಟಿ ಪ್ರತಿಧ್ವನಿ ಎಣಿಸತೊಡಗಿದ.

ಅದು ಯುದ್ಧದ ಕಾಲ. ಪೆಟ್ರೋಲು ಔಷಧಿಯಂತೆ ಅಳೆದು ಸಿಗುತ್ತಿತ್ತು. ಸಣ್ಣ ಸಣ್ಣ ಮೋಟಾರು ಕಂಪನಿಗಳು ಒಂದಾಗದಿದ್ದರೆ ಪರವಾನಗಿ ಇಲ್ಲ ಎಂದು ಮೇಲಿನಿಂದ ಹೇಳಿಕೆ ಬಂದದ್ದೇ ತಡ, ತಿಕೋಟಾ ಕಂಪನಿಯೂ ಬಬಲೇಶ್ವರ ಕಂಪನಿಯೂ ಮನಸ್ಸಿಲ್ಲದ ಬೀಗರಂತೆ ಕೂಡಿಕೊಂಡವು. ಬಸ್ಸುಗಳು ಕೂಡುವುದು ಸುಲಭ, ಅವಕ್ಕೆ ಮಾನ ಮರ್ಯಾದೆ ಇಲ್ಲ. ಕಷ್ಟವಾದದ್ದು ಡ್ರೈವರುಗಳನ್ನು ಕೂಡಿಸುವುದು. ಎರಡೂ ಕಡೆ ಒಬ್ಬೊಬ್ಬ ಹಿರಿಯ ಡ್ರೈವರ್ ಇದ್ದ. ತಿಕೋಟಾ ಕಡೆಯವನು ಯಲಗೂರಪ್ಪ, ಬಬಲೇಶ್ವರ ಕಡೆಯವನು ಮಲಂಗಸಾಬ. ಹೊಸ ಕಂಪನಿಯಲ್ಲಿ ಪೆಟ್ರೋಲಿನ ಮೇಲೆ ಓಡುವ ಬಸ್ಸು ಒಂದೇ. ಉಳಿದವೆಲ್ಲ ಬೆನ್ನಿಗೆ ಭಟ್ಟಿ ಕಟ್ಟಿಕೊಂಡ ಇದ್ದಲಿ ಬಸ್ಸುಗಳು. ಕೋಳಿ ಕೂಗುವ ಮೊದಲೇ ಎದ್ದು ಇದ್ದಲಿ ತುಂಬಿ, ಬೆಂಕಿ ಮಾಡಿ, ಮುಖ ಮಸಿ ಮಾಡಿಕೊಂಡು ಹೊರಡಬೇಕು. ಏರು ಬಂದಲ್ಲಿ ಪ್ರಯಾಣಿಕರು ಇಳಿದು ನೂಕಬೇಕು. ಮೊದಲನೆಯ ನಂಬರಿನ ಡ್ರೈವರಿಗೆ ಪೆಟ್ರೋಲು ಬಸ್ಸು, ಎರಡನೆಯವನಿಂದ ಮುಂದೆ ಎಲ್ಲರಿಗೂ ಮಸಿ.

ಗುಮಾಸ್ತರೂ ಇಬ್ಬರಾಗಿದ್ದರು. ಬಬಲೇಶ್ವರ ಕಂಪನಿಯ ಅಮೀನಸಾಬ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯವರೆಗೆ ಓದಿದ, ತೆಂಗಿನ ಮರದಂತೆ ಎತ್ತರದ ಹಿರಿಯ. ಅಮರಪ್ಪ ಹುಡುಗನಾಗಿದ್ದಾಗ ಜೈನಾಪುರದಿಂದ ವಿಜಾಪುರದ ಸಾಲೆಗೆ ಬಂದುಹೋಗುತ್ತಿದ್ದುದು ಈತ ತಿಕೀಟು ಹರಿಯುತ್ತಿದ್ದ ಬಸ್ಸಿನಲ್ಲೇ. ಡ್ರೈವರಿನ ಪಕ್ಕದ ಸೀಟನ್ನು ಹುಡುಗನಿಗೆಂದು ಹಿಡಿದಿಡುತ್ತಿದ್ದ ಅಮೀನಕಾಕಾ. ಈಗ ಅಮರಪ್ಪ ಆಫೀಸಿನಲ್ಲಿ ಕಾಕಾ ಅನ್ನುವುದನ್ನು ಬಿಟ್ಟಿದ್ದ. ‘ಅಮೀನಸಾಬರೇ’ ಅನ್ನುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದ. ಏಕೆಂದರೆ ಇಬ್ಬರಲ್ಲಿ ಒಬ್ಬನೇ ವಿಜಾಪುರದ ಆಫೀಸಿನಲ್ಲಿ ಹೆಡ್ ಗುಮಾಸ್ತ. ಇನ್ನೊಬ್ಬ ಬಬಲೇಶ್ವರದ ಸ್ಟ್ಯಾಂಡಿನ ಬೇವಿನ ಗಿಡದ ಕೆಳಗೆ ತಗಡಿನ ಪೆಟ್ಟಿಗೆಯ ಮೇಲೆ ಕುಳಿತು ತಿಕೀಟು ಹರಿಯಬೇಕು.

ಕೂಡಿದ ಕಂಪನಿಯ ಧಣಿ ಬಸಗೊಂಡಪ್ಪ ಅಮರಪ್ಪನನ್ನು ಕರೆದು ಹೇಳಿದ: “ನೋಡಪಾ, ದಸರಾ ಮುಗಿಯೂದ್ರಾಗ ಡ್ರೈವರ್‌ಗೋಳ ಹಿರಿತನದ ಯಾದಿ ಆಗಬೇಕು. ಜಗಳಿಲ್ಲದಂಗ ಮಾಡಿದಿ ಅಂದ್ರ ಹೆಡ್ ಖುರ್ಚಿ ನಿಂದs.”

ಯಾರ ಹಿಂದೆ ಯಾರು ಎಂದು ಪಟ್ಟಿ ಮಾಡುವ ಈ ಯಾದಿಯ ಬಗ್ಗೆ ಅಮರಪ್ಪನಿಗೆ ಸಂಶಯವೇ ಇರಲಿಲ್ಲ. ಆತ ಮೊದಲು ಮಾಡಿದ್ದು ಕುರ್ಚಿಯ ಕೆಲಸ. ಹೆಡ್ ಕುರ್ಚಿ ಸ್ವಲ್ಪ ಎತ್ತರವಾಗಿತ್ತು, ಅಮರಪ್ಪ ಸ್ವಲ್ಪ ಗಿಡ್ಡನಾಗಿದ್ದ. ಪಾದ ನೆಲಕ್ಕೆ ಪೂರ್ತಿ ತಾಗದಿದ್ದರೆ ರಕ್ತಸಂಚಾರಕ್ಕೆ ಅಡ್ಡಿ ಎಂದು ಲೆಕ್ಕ ಹಾಕಿ, ಬಡಿಗನನ್ನು ಕರೆಸಿ, ತನ್ನ ಮೊಣಕಾಲಿನ ಅಳತೆಗೆ ಕುರ್ಚಿಯ ಕಾಲು ಕೊಯ್ಯಿಸಿದ. ಆಮೇಲೆ ಯಾದಿಗೆ ಕೈಹಚ್ಚಿದ.

ಕೆಲಸಕ್ಕೆ ಸೇರಿದ ದಿನದಿಂದ ಎಣಿಸಿದರೆ ಮಲಂಗಸಾಬ ಸಿಟ್ಟಾದ. ಬಬಲೇಶ್ವರ ಕಂಪನಿ ಹುಟ್ಟುವ ಮೊದಲೇ ಆತ ಸೊಲ್ಲಾಪುರದ ಕಡೆ ಬಸ್ಸು ಹೊಡೆದಿದ್ದ. ಲೈಸೆನ್ಸಿನ ದಿನದಿಂದ ಎಣಿಸಿದರೆ ಯಲಗೂರಪ್ಪ ಸಿಟ್ಟಾದ. ಆತ ಲೈಸೆನ್ಸು ಎಂಬುದೊಂದು ಇದೆ ಎಂದು ಗೊತ್ತಾಗುವ ಮೊದಲೇ ಕನಮಡಿಯವರೆಗೆ ಬಸ್ಸು ಒಯ್ದು ತಂದಿದ್ದ. ಇತ್ತಲಿಂದ ಒಬ್ಬ, ಅತ್ತಲಿಂದ ಒಬ್ಬ ಎಂದು ಜಡೆ ಹೆಣೆದಂತೆ ಹೆಣೆಯೋಣ ಎಂದರೆ, ಮೊದಲ ಎಳೆ ಯಾವ ಕಡೆಯದು ಎಂಬಲ್ಲಿಗೆ ಮಾತು ನಿಂತಿತು.

ಅಮರಪ್ಪ ಕಾಲೇಜಿನ ಪುಸ್ತಕ ತೆಗೆದ. ವಯಸ್ಸು, ಅನುಭವ, ಓಡಿಸಿದ ಮೈಲಿ, ಉರುಳಿಸಿದ ಬಸ್ಸು, ಎಲ್ಲಕ್ಕೂ ಒಂದೊಂದು ತೂಕ ಕೊಟ್ಟು, ಗುಣಿಸಿ, ಕೂಡಿಸಿ, ಒಂದು ಸೂತ್ರ ಕಟ್ಟಿದ. ಅಂಥ ಸೂತ್ರ ಮುಂಬಯಿ ಪ್ರಾಂತ್ಯದಲ್ಲೇ ಇರಲಿಕ್ಕಿಲ್ಲ ಎಂದು ಆತನಿಗೇ ಅನ್ನಿಸಿತು. ಡ್ರೈವರುಗಳನ್ನೆಲ್ಲ ಸೇರಿಸಿ ಉತ್ತರವನ್ನು ಓದಿದ. ಯಲಗೂರಪ್ಪನಿಗೂ ಮಲಂಗಸಾಬನಿಗೂ ಸರಿಸಮ ಅಂಕ ಬಂದಿತ್ತು.

ಯಲಗೂರಪ್ಪ ತಲೆ ಕೆರೆದುಕೊಂಡ. “ಸಾಹೇಬ್ರ, ಇಷ್ಟ ಹೊಗಿ ಬಿಟ್ಟು ಎಲ್ಲಿಗೆ ಬಂದ್ರಿ? ಹೊಂಟಲ್ಲೇ ಅದೀರಿ. ಥೇಟ್ ಇದ್ದಲಿ ಗಾಡಿ ಹಂಗ.”

ಮಲಂಗಸಾಬ ಬೀಡಿ ಆರಿಸಿ ಹೇಳಿದ: “ಸಾಹೇಬ್ರ, ಬಲಕ್ಕ ಹೂಡಿ ರೂಢಿ ಇದ್ದ ಎತ್ತು ಎರಡು ತಂದು ಒಂದ ನೊಗಕ್ಕ ಕಟ್ಟಾಕತ್ತೀರಿ. ಎಡಕ್ಕ ಯಾವದೂ ನಿಂದ್ರಂಗಿಲ್ಲ ನೋಡ್ರಿ.”

ಆ ರಾತ್ರಿ ಅಮರಪ್ಪ ರೊಟ್ಟಿ ಮುರಿಯುವುದನ್ನೂ ಮರೆತು ಕುಳಿತಿದ್ದಾಗ ಶಂಕ್ರೆವ್ವ ಹಬ್ಬದ ಮಾತು ತೆಗೆದಳು. ದಸರೆಯ ಸಂಜೆ ಯಾರ ಮನೆಗೆ ಬನ್ನಿ ಕೊಡಲು ಮೊದಲು ಹೋಗಬೇಕು, ಯಾರು ತಮ್ಮ ಮನೆಗೆ ಬರುತ್ತಾರೆ, ಓಣಿಗೇ ಹಿರಿಯಳಾದ ಪರಸವ್ವಾಯಿಯ ಕಾಲಿಗೆ ಬಿದ್ದ ಮೇಲೆಯೇ ಆಕೆಯ ತಂಗಿಯ ಮನೆಗೆ, ಎಂದು ಇಡೀ ಓಣಿಯನ್ನು ಉಸಿರು ತೆಗೆಯದೆ ಹೇಳಿಬಿಟ್ಟಳು. ಕಿರಿಯರು ಹಿರಿಯರ ಬಳಿ ಹೋಗಿ ಬನ್ನಿ ಎಲೆ ಕೊಟ್ಟು ನಮಸ್ಕರಿಸಬೇಕು. ಅದಕ್ಕೊಂದು ಯಾದಿ ಇಲ್ಲ, ಸೂತ್ರ ಇಲ್ಲ, ಇಲ್ಲಿಯವರೆಗೆ ಒಬ್ಬರೂ ಜಗಳಾಡಿದ್ದಿಲ್ಲ.

ಅಮರಪ್ಪ ದಿಗ್ಗನೆ ಎದ್ದು ನಿಂತ. “ಸಿಕ್ತು!”

“ಏನ್ ಸಿಕ್ತು? ರೊಟ್ಯಾಗ ಹರಳ ಸಿಕ್ತೇನು?” ಎಂದಳು ಶಂಕ್ರೆವ್ವ.

ಮರುದಿನ ಆತ ಕಾಯ್ದೆಯನ್ನು ಸಾರಿದ. ದಸರೆಯ ಸಂಜೆ ಎಲ್ಲರೂ ಬಸ್ಸಿನ ಶೆಡ್ಡಿನಲ್ಲಿ ಸೇರಬೇಕು. ಯಾರ ಒತ್ತಾಯವೂ ಇಲ್ಲದೆ ಪ್ರತಿಯೊಬ್ಬನೂ ತಾನು ಹಿರಿಯನೆಂದು ತಿಳಿದವನ ಹತ್ತಿರ ನಡೆದು ಹೋಗಿ ಬನ್ನಿ ಕೊಡಬೇಕು. ಯಾರು ಯಾರ ಕಡೆಗೆ ಮೊದಲು ಹೋಗುತ್ತಾರೆ ಎಂಬುದನ್ನು ನೋಡಿ ಯಾದಿ ಬರೆಯಲಾಗುವುದು. ಬಾಯಿ ಸುಳ್ಳು ಹೇಳಬಹುದು, ಕಾಲು ಹೇಳುವುದಿಲ್ಲ. ಕಾಲು ಬರೆದದ್ದೇ ಕೊನೆ.

ಡ್ರೈವರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಡಿಸಿತು. ಮಲಂಗಸಾಬ ಮಾತ್ರ ಕೇಳಿದ: “ಗುಮಾಸ್ತರಿಗೂ ಇದs ಕಾಯ್ದೆ ಏನ್ರಿ, ಬರೇ ನಮಗಷ್ಟs?”

ಇಲ್ಲಿ ಅಮರಪ್ಪ ಸುಮ್ಮನಿದ್ದಿದ್ದರೆ ಕಥೆ ಬೇರೆಯಾಗುತ್ತಿತ್ತು. ಆದರೆ ಇಷ್ಟು ಜನ ತನ್ನ ಮಾತನ್ನು ಕೇಳುತ್ತ ನಿಂತದ್ದು ಆತನ ಜನ್ಮದಲ್ಲಿ ಅದೇ ಮೊದಲು. “ಕಾಯ್ದೆ ಅಂದ್ರ ಎಲ್ಲಾರಿಗೂ ಒಂದs. ಮ್ಯಾಲಿಂದ ಕಲ್ಲು ಬಿಟ್ರೂ ಕೆಳಗ ಬೀಳತೈತಿ, ಕಳಸ ಬಿಟ್ರೂ ಕೆಳಗ ಬೀಳತೈತಿ,” ಎಂದು ಗಂಭೀರವಾಗಿ ಹೇಳಿ, ಅದನ್ನೂ ಬರೆದು ಧಣಿಯ ರುಜು ಹಾಕಿಸಿಬಿಟ್ಟ. ಅಮೀನಸಾಬ ಮೂಲೆಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತ ಎಲ್ಲವನ್ನೂ ಕೇಳಿಸಿಕೊಂಡ.

ಗುಮಾಸ್ತರ ವಿಷಯವನ್ನು ಅಮರಪ್ಪ ಯೋಚಿಸಿರಲಿಲ್ಲ ಎಂದಲ್ಲ. ಯೋಚಿಸಿದ್ದ. ತಾನು ಮೇಜಿನ ಹಿಂದೆ ಕಾಗದ ಹಿಡಿದು ನಿಂತಿರುತ್ತೇನೆ, ಜಾಗ ಬಿಟ್ಟು ಕದಲುವಂತಿಲ್ಲ, ಅಮೀನಸಾಬ ಸಭ್ಯ ಮನುಷ್ಯ, ತಾನಾಗಿಯೇ ಬಂದು ಬನ್ನಿ ಕೊಡುತ್ತಾನೆ, ಎಂದು.

ದಸರೆಯ ಸಂಜೆ ಶೆಡ್ಡು ತುಂಬಿತ್ತು. ಹಿಂದಿನ ದಿನದ ಪೂಜೆಯಲ್ಲಿ ಯಾವ ಬಸ್ಸಿಗೆ ಮೊದಲ ಕಾಯಿ ಎಂಬ ತಕರಾರು ಬೇಡವೆಂದು ಬಸಗೊಂಡಪ್ಪ ಎರಡೂ ಕೈಯಲ್ಲಿ ಒಂದೊಂದು ಕಾಯಿ ಹಿಡಿದು ಒಟ್ಟಿಗೇ ಒಡೆಯಲು ಹೋಗಿ ಹೆಬ್ಬೆರಳು ಜಜ್ಜಿಕೊಂಡಿದ್ದ. ಬಟ್ಟೆ ಸುತ್ತಿದ ಬೆರಳನ್ನು ಎತ್ತಿ ಹಿಡಿದು ಆತನೂ ಬಂದು ಕುಳಿತ. ಡ್ರೈವರುಗಳು ಬನ್ನಿಯ ಟೊಂಗೆ ಹಿಡಿದು ಗೋಡೆಗುಂಟ ನಿಂತಿದ್ದರು. ಯಲಗೂರಪ್ಪ ಆ ಗೋಡೆಗೆ, ಮಲಂಗಸಾಬ ಈ ಗೋಡೆಗೆ. ಅಮರಪ್ಪನ ಹಾದಿ ಕಾಯುತ್ತಿದ್ದರು.

ಅಮರಪ್ಪ ತಡವಾಗಿ ಬಂದ. ಹೊಸ ಕೋಟು, ಕಿವಿಯ ಮೇಲೆ ಪೆನ್ಸಿಲು. ಕೋಟಿನ ಕಿಸೆಯಲ್ಲಿ ಶಂಕ್ರೆವ್ವ ತುಂಬಿ ಕಳಿಸಿದ ಬನ್ನಿ. ಒಳಗೆ ಕಾಲಿಟ್ಟ. ಬಾಗಿಲ ಪಕ್ಕದ ಬೆಂಚಿನ ಮೇಲೆ ಬಿಳಿ ಟೊಪ್ಪಿಗೆ ಹಾಕಿಕೊಂಡು, ಮೊಣಕಾಲುಗಳ ನಡುವೆ ಕೊಡೆ ನಿಲ್ಲಿಸಿಕೊಂಡು ಅಮೀನಸಾಬ ಕುಳಿತಿದ್ದ. ಹುಡುಗನಾಗಿದ್ದಾಗ ಅವ್ವನ ಸೆರಗು ಹಿಡಿದು, ಆಮೇಲೆ ಒಬ್ಬನೇ, ಹೋದ ವರ್ಷವೂ, ಅದರ ಹಿಂದಿನ ವರ್ಷವೂ ದಸರೆಯ ಸಂಜೆ ಹೇಗೆ ಈತನ ಮನೆಗೆ ಹೋಗಿದ್ದನೋ ಈಗಲೂ ಹಾಗೆಯೇ, ಅಮರಪ್ಪನ ಕಾಲು ಅತ್ತ ತಿರುಗಿತು. ಕೈ ಕಿಸೆಗೆ ಹೋಯಿತು. ಬೆನ್ನು ಬಾಗಿತು.

“ಕಾಕಾ, ಬನ್ನಿ ತಗೊಂಡು ಬಂಗಾರದಂಗ ಇರೂಣು.”

ಅಮೀನಸಾಬ ಎಂದಿನಂತೆ ಅರ್ಧಕ್ಕೇ ತೋಳು ಹಿಡಿದು ಎತ್ತಿದ. “ಬಂಗಾರದಂಗ ಇರಪಾ. ಅವ್ವ ಆರಾಮ ಅದಾಳಿಲ್ಲೋ?”

“ಅದಾಳ್ರಿ ಕಾಕಾ” ಎಂದು ಅಮರಪ್ಪ ತಲೆ ಎತ್ತಿದ. ಶೆಡ್ಡಿಗೆ ಶೆಡ್ಡೇ ಆತನನ್ನು ನೋಡುತ್ತಿತ್ತು. ಆಗ ಕಾಯ್ದೆ ನೆನಪಾಯಿತು.

“ಬರಕೋರಿ ಸಾಹೇಬ್ರ, ಮದಲನೇ ಕಲಮು ಬರಕೋರಿ!” ಎಂದು ಮಲಂಗಸಾಬ ಕೂಗಿದ್ದೇ ತಡ, ಶೆಡ್ಡಿನ ತಗಡು ಹಾರಿಹೋಗುವಂತೆ ನಗೆ ಎದ್ದಿತು. ಬಸಗೊಂಡಪ್ಪ ಬೆರಳಿನ ನೋವು ಮರೆತು ತೊಡೆ ತಟ್ಟಿಕೊಂಡು “ಸತ್ತೆ!” ಎಂದು ಚೀರಿದ. ಅಮರಪ್ಪ ಕಿವಿಯ ಮೇಲಿನ ಪೆನ್ಸಿಲಿಗಾಗಿ ಎಲ್ಲ ಕಿಸೆಗಳನ್ನೂ ಹುಡುಕುತ್ತ ನಿಂತ.

ನಗು ಇಳಿಯುವ ಮೊದಲೇ ಯಲಗೂರಪ್ಪ ಗೋಡೆ ಬಿಟ್ಟು ಹೊರಟ. “ಬಿ.ಎಸ್ಸಿ. ಬೆನ್ನs ಬಗ್ಗೀತು, ನನ್ನ ಬೆನ್ನೇನ ಕಬ್ಬಿಣದ್ದೇನ್ಲೇ?” ಎನ್ನುತ್ತ ಶೆಡ್ಡು ದಾಟಿ ಹೋಗಿ ಮಲಂಗಸಾಬನ ಕೈಗೆ ಬನ್ನಿ ತುರುಕಿದ. ಮಲಂಗಸಾಬ ಗಾಬರಿಯಾಗಿ, “ಏ ಯಣ್ಣಾ, ನೀ ಯಾಕ ಬಂದ್ಯೋ, ನಾನs ಬರಾಕತ್ತಿದ್ದೆ” ಎಂದು ತಾನೂ ಬಾಗಿದ. ಇಬ್ಬರ ತಲೆಗಳೂ ಡಿಕ್ಕಿ ಹೊಡೆದವು. ಆಮೇಲೆ ಯಾರು ಯಾರಿಗೆ ಕೊಟ್ಟರೋ ಆ ದೇವರಿಗೇ ಗೊತ್ತು. ಬನ್ನಿ ಎಂದರೆ ಕೊಟ್ಟವನಿಗೂ ತಿರುಗಿ ಕೊಡಬೇಕು ಎಂಬುದನ್ನು ಅಮರಪ್ಪ ಕಾಯ್ದೆ ಮಾಡುವಾಗ ಮರೆತೇಬಿಟ್ಟಿದ್ದ. ಅಪ್ಪಿಕೊಳ್ಳುವ, ಬಾಗುವ, ಎಳೆದಾಡುವ ಗದ್ದಲದಲ್ಲಿ ಆತ ಖಾತ್ರಿಯಿಂದ ಬರೆಯಲು ಸಾಧ್ಯವಾದದ್ದು ಎರಡೇ ಸಂಗತಿ: ಡ್ರೈವರುಗಳಲ್ಲಿ ಮಲಂಗಸಾಬ ಮೊದಲು, ಗುಮಾಸ್ತರಲ್ಲಿ ಅಮೀನಸಾಬ ಮೊದಲು. ಉಳಿದದ್ದನ್ನು ಡ್ರೈವರುಗಳೇ ಚಹಾ ಕುಡಿಯುತ್ತ ಮಾತಾಡಿ ಮುಗಿಸಿದರು. ಜಗಳವಾಗಲಿಲ್ಲ.

ಮನೆಗೆ ಬಂದಾಗ ಶಂಕ್ರೆವ್ವ ಕೇಳಿದಳು: “ಯಾದಿ ಆತೇನು?”

“ಆತು. ಭಾಳ ಛಲೋ ಆತು.”

“ಹೆಡ್ ಯಾರು?”

“ಅಮೀನಕಾಕಾ.”

ಆಕೆ ತುಪ್ಪದ ಗಿಂಡಿ ಎತ್ತಿಕೊಂಡಳು. “ಮತ್ತ ಇನ್ಯಾರ ಆಗಬೇಕಿತ್ತು? ವರ್ಷಾ ವರ್ಷಾ ಅವರ ಕಾಲ ಬೀಳಾವ್ರು ನೀವs,” ಎಂದು ಹೋಳಿಗೆಗೆ ತುಪ್ಪ ಬಡಿಸಿದಳು. ದಿನಕ್ಕಿಂತ ಸ್ವಲ್ಪ ಹೆಚ್ಚೇ ಬಡಿಸಿದಳು.

ಪೆಟ್ರೋಲು ಬಸ್ಸಿನ ವೈಭವ ಬಹಳ ದಿನ ನಡೆಯಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಅದರ ಬೆನ್ನಿಗೂ ಭಟ್ಟಿ ಬಂತು, ಮಲಂಗಸಾಬನ ಮುಖಕ್ಕೂ ಮಸಿ ಬಂತು. ಅಮರಪ್ಪನಂತೂ ದಸರೆ ಮುಗಿದ ವಾರದಲ್ಲೇ ಬಬಲೇಶ್ವರದ ಬೇವಿನ ಗಿಡದ ಕೆಳಗೆ ತಗಡಿನ ಪೆಟ್ಟಿಗೆಯ ಮೇಲೆ ಕುಳಿತ. ಕುಳಿತ ಮೂರನೆಯ ದಿನ ಯಲಗೂರಪ್ಪನ ಇದ್ದಲಿ ಬಸ್ಸು ಕೆಮ್ಮುತ್ತ ಬಂದು ನಿಂತಿತು. ಬಸ್ಸಿನ ನೆತ್ತಿಯ ಟಪ್ಪಿನ ಮೇಲೆ ಜೋಳದ ಚೀಲಗಳ ನಡುವೆ ಹಗ್ಗ ಬಿಗಿದ ಹೆಡ್ ಕುರ್ಚಿ ನಾಲ್ಕೂ ಕಾಲು ಮೇಲೆ ಮಾಡಿಕೊಂಡಿತ್ತು.

“ಅಮೀನಸಾಬರು ಕಳಿಸ್ಯಾರ್ರಿ,” ಎಂದ ಯಲಗೂರಪ್ಪ ಹಗ್ಗ ಬಿಚ್ಚುತ್ತ. “ಇದರ ಮ್ಯಾಲ ಕುಂತ್ರ ಮೊಳಕಾಲು ಗದ್ದಕ್ಕ ಬಡೀತಾವಂತ. ‘ಯಾರ ಅಳತೀದು ಅವರಿಗೆ ಮುಟ್ಟಿಸಿ ಬಾ’ ಅಂದ್ರು.”

ಅಮರಪ್ಪ ಕುರ್ಚಿಯನ್ನು ಬೇವಿನ ಬುಡಕ್ಕೆ ಇರಿಸಿ ಕುಳಿತ. ಪಾದಗಳು ನೆಲಕ್ಕೆ ಪೂರ್ತಿ ತಾಗಿದವು. ಲೆಕ್ಕ ಎಲ್ಲೂ ತಪ್ಪಿರಲಿಲ್ಲ. ತಗಡಿನ ಪೆಟ್ಟಿಗೆ ತೆರೆದು ಆತ ವಿಜಾಪುರದ ತಿಕೀಟು ಹರಿಯತೊಡಗಿದ.