ಕೊನೆಗೊಂದು ಸೊನ್ನೆ

"ಪರೀಕ್ಷಿಸಿದವರು ಅಂತ ನನ್ನ ಹೆಸರೇ ಹಾಕ್ತೀನಿ, ನೋಡಿ ಸಾರ್," ಎನ್ನುತ್ತ ಭಾವ ಹಾಲು ಪರೀಕ್ಷಿಸುವ ಯಂತ್ರದ ಗುಂಡಿಗಳನ್ನು ಒತ್ತತೊಡಗಿದ. ಅವನ ಮನೆಗೆ ಬಂದಿದ್ದ ಡೈರಿಯ ಮ್ಯಾನೇಜರು ಕನ್ನಡಕ ಏರಿಸಿ ಕಂಪ್ಯೂಟರಿನತ್ತ ಬಗ್ಗಿದರು. ಗೋಡೆಗೊರಗಿ ನಿಂತಿದ್ದ ನಾದಿನಿ ಪರದೆಯನ್ನೇ ನೋಡಿದಳು. ಈಗಲೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಯಂತ್ರದ ಫೈಲನ್ನು ಓದಿ ಪರದೆಗೆ ತರುವ ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ಬರೆದವಳು ಅವಳು. ಫೈಲಿನ ತಲೆಯಲ್ಲಿ ಪರೀಕ್ಷಿಸಿದವರ ಹೆಸರಿಗೆ ಎಂಟೇ ಅಕ್ಷರಗಳ ಜಾಗ. ಅದಕ್ಕೆ ಅಂಟಿಕೊಂಡೇ ಫಲಿತಾಂಶ. ಹೆಸರು ಗಿಡ್ಡವಾದರೆ ಉಳಿದ ಜಾಗದಲ್ಲಿ ಸೊನ್ನೆ ತುಂಬಿರುತ್ತದೆ, ಹೆಸರನ್ನು ನಕಲು ಮಾಡುವ ಸಾಲು ಆ ಸೊನ್ನೆ ಕಂಡಲ್ಲಿ ನಿಲ್ಲುತ್ತದೆ. ಎಂಟೂ ತುಂಬಿದರೆ ನಿಲ್ಲಿಸುವವರೇ ಇಲ್ಲ; ಹಗ್ಗ ಬಿಚ್ಚಿದ ದನದ ಹಾಗೆ ಪಕ್ಕದ ಹೊಲಕ್ಕೆ ನುಗ್ಗುತ್ತದೆ. ಅದಕ್ಕೇ ಅವಳು ಎಂಟನ್ನು ಮಾತ್ರ ನಕಲು ಮಾಡಿ, ಕೊನೆಗೆ ತಾನೇ ಒಂದು ಸೊನ್ನೆ ಇಟ್ಟಿದ್ದಳು.

"ಇಷ್ಟು ಸಣ್ಣ ಕೆಲಸಕ್ಕೆ ಎರಡು ಸಾಲಾ ಪುಟ್ಟಿ?" ಎಂದು ಭಾವ ಎರಡನ್ನೂ ಅಳಿಸಿ, ಮಾಮೂಲಿ ನಕಲಿನ ಒಂದೇ ಸಾಲು ಹಾಕಿದ್ದ. ಆ ನೆಪದಲ್ಲಿ, ಪ್ರೋಗ್ರಾಮಿನ ಮೇಲ್ಗಡೆ ಅದನ್ನು ಬರೆದವರ ಹೆಸರಿದ್ದಲ್ಲಿ ಅವಳದನ್ನು ತೆಗೆದು ತನ್ನದನ್ನು ಸೇರಿಸಿಕೊಂಡ. ಕೇಳಿದ್ದಕ್ಕೆ, "ಮನೆಯವರಲ್ಲಿ ನಿಂದು ನಂದು ಅಂತ ಏನಮ್ಮಾ?" ಎಂದು, ಉಂಡ ಮನೆಯ ಜಂತೆ ಎಣಿಸುವವಳನ್ನು ಕಂಡಂತೆ ನೋಡಿದ. ಭಾವನ ಹೆಸರು ಸರಿಯಾಗಿ ಎಂಟಕ್ಷರ ಎಂದು ಅವಳಿಗೆ ಹೊಳೆದದ್ದು ಅಂದೇ. ಪ್ರಯೋಗಕ್ಕೆ ಬಳಸಿದ ಹೆಸರುಗಳೆಲ್ಲ ಗಿಡ್ಡವಾಗಿದ್ದರಿಂದ ತಪ್ಪು ಯಾರಿಗೂ ಕಂಡಿರಲಿಲ್ಲ. ಅವಳು ಹಲ್ಲು ಕಚ್ಚಿಕೊಂಡು ಕಾದಳು.

ತೋರಿಸಲೆಂದು ಯಂತ್ರಕ್ಕೆ ಹುಳಿಯಾದ ಹಾಲನ್ನೇ ಸುರಿದಿದ್ದರು. ಪರದೆಯಲ್ಲಿ, ಪರೀಕ್ಷಿಸಿದವರು ಎಂಬಲ್ಲಿ ಭಾವನ ಹೆಸರು ಮೂಡಿತು. ಅದರ ಬಾಲಕ್ಕೇ ಅಂಟಿಕೊಂಡು: ಕೆಟ್ಟಿದೆ.

ಮ್ಯಾನೇಜರು ಎರಡು ಸಲ ಓದಿದರು. "ಕೆಟ್ಟಿರೋದು ಹಾಲಾ, ನೀವಾ?"

ಭಾವನ ಮುಖ ಹುಳ್ಳಗಾಯಿತು. ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಏನಿದು ಪುಟ್ಟಿ? ಯಾರು ಬರೆದಿದ್ದು ಇದನ್ನ?" ಭಾವ ತಿರುಗಿ ಗದರಿದ.

"ಮೇಲೆ ನಿಮ್ಮ ಹೆಸರೇ ಇದೆಯಲ್ಲ ಭಾವ."

"ಹಾಗಾದ್ರೆ ನೀವೇ ಸರಿ ಮಾಡಿ ತೋರಿಸಿ," ಎಂದರು ಮ್ಯಾನೇಜರು.

ಭಾವ ಕಂಪ್ಯೂಟರಿನ ಮುಂದೆ ಕೂತು ಸಾಲುಗಳನ್ನು ಮೇಲೆ ಸರಿಸಿದ, ಕೆಳಗೆ ಸರಿಸಿದ. ಕಾಫಿ ತಂದ ಅಕ್ಕ ಬಾಗಿಲಲ್ಲೇ ನಿಂತು ಗಂಡನನ್ನು ಒಂದು ಗಳಿಗೆ ನೋಡಿದಳು.

"ಅವರಿಗೆ ಅದು ಬರಲ್ಲ ಸಾರ್. ಬರೆದಿದ್ದು ನನ್ನ ತಂಗಿ."

ಭಾವ ನಿಧಾನವಾಗಿ ಎದ್ದ. "ಕೂತ್ಕೋ ಪುಟ್ಟಿ. ಬೇಗ."

"ಕೂತ್ಕೋತೀನಿ. ಕಾಫಿ ಆರಿಹೋಗುತ್ತೆ."

ಅಕ್ಕನ ತಟ್ಟೆಯಿಂದ ಲೋಟ ಎತ್ತಿಕೊಂಡು, ನೊರೆ ಊದಿ, ಅವಳು ಒಂದೊಂದೇ ಗುಟುಕು ಕುಡಿದಳು. ಕುರ್ಚಿಯ ಬೆನ್ನು ಹಿಡಿದು ಭಾವ ನಿಂತೇ ಇದ್ದ.